ಕೋರ್ಟಿನಲ್ಲಿ ಶಿಕ್ಷೆಯಾದ ನೌಕರ: ವಿಚಾರಣೆ ಇಲ್ಲದೇ ವಜಾ ಮಾಡಬಹುದಾ?

ಬಾಗಲಕೋಟೆ_ಕಡತ
ನಮಸ್ಕಾರ ರೀ. ಲಂಚದ ಪ್ರಕರಣದಾಗ ಒಬ್ಬ ದ್ವಿತೀಯ ದರ್ಜೆ ಸಹಾಯಕರಿಗೆ ವಿಶೇಷ ನ್ಯಾಯಾಲಯ ಶಿಕ್ಷೆ ಕೊಟ್ಟದ. ಹೈಕೋರ್ಟಿನ ಧಾರವಾಡ ಪೀಠಕ್ಕ ಅಪೀಲು ಹೋಗಿ ‘ಸ್ಟೇ’ ತಂದಾರಂತ. ಅಪೀಲು ಮುಗಿಯೂತನಕ ಕಡತ ಇಟ್ಕೊಂಡು ಕೂಡಬೇಕೇನ್ರಿ? ಸಿಸಿಎ (ಸರ್ಕಾರಿ ನೌಕರರ ಶಿಸ್ತಿನ) ನಿಯಮ 11ರ ಇಲಾಖಾ ವಿಚಾರಣೆ ಮಾಡದೇ ವಜಾ ಮಾಡಿದ್ರ ಆ ಆದೇಶ ಬೆಳಗಾವಿ ಕೆಎಟಿಯಾಗ (ರಾಜ್ಯ ಆಡಳಿತ ನ್ಯಾಯಮಂಡಳಿ) ನಿಲ್ತದಾ?

ಸೇವಾನಿಯಮ
ಕಾಯಬೇಕಿಲ್ಲ. ಸಂವಿಧಾನದ 311(2)ನೇ ವಿಧಿಯ ಎರಡನೇ ಪರಂತುಕದ (ವಿನಾಯಿತಿಯ) (ಎ) ಖಂಡ ಮತ್ತು 1957ರ ಸಿಸಿಎ ನಿಯಮಗಳ ನಿಯಮ 14 ಇರುವುದೇ ಇಂಥ ಪ್ರಕರಣಕ್ಕೆ: ಕೋರ್ಟಿನಲ್ಲಿ ಅಪರಾಧಿ ಎಂದಾದವರಿಗೆ ಇಲಾಖಾ ವಿಚಾರಣೆ ಬೇಕಿಲ್ಲ.

ಮೊದಲು ಆ ‘ಸ್ಟೇ’ ಆದೇಶದ ದೃಢೀಕೃತ ಪ್ರತಿ ತರಿಸಿ ಓದಿ. ಕ್ರಿಮಿನಲ್ ವಿಚಾರಣೆಯ ಕಾನೂನಾದ ಹಳೇ ಸಿಆರ್‌ಪಿಸಿಯ ಸೆಕ್ಷನ್ 389, ಈಗಿನ ಬಿಎನ್‌ಎಸ್‌ಎಸ್‌ನ ಸೆಕ್ಷನ್ 430ರಡಿ ಸಾಮಾನ್ಯವಾಗಿ ಅಮಾನತಿನಲ್ಲಿಡುವುದು ಶಿಕ್ಷೆಯ ಜಾರಿಯನ್ನು ಮಾತ್ರ. ಆಸಾಮಿ ಜೈಲಿಗೆ ಹೋಗುವುದಿಲ್ಲ, ಅಷ್ಟೇ. ಅಪರಾಧಿ ಎಂಬ ತೀರ್ಮಾನ ಹಾಗೇ ಇರುತ್ತದೆ. ಇದಕ್ಕೆ ಸುಪ್ರೀಂ ಕೋರ್ಟಿನ 1995ರ ನಾಗೂರ್ ಮೀರಾ ತೀರ್ಪು ನೋಡಿ. ಆ ತೀರ್ಮಾನಕ್ಕೇ ತಡೆ ಸಿಕ್ಕಿದ್ದರೆ ಮಾತ್ರ ನಿಲ್ಲಿ.

ಘಟಪ್ರಭಾ
ಮೇಲಿನವರು ಹೇಳಿದ್ದು ಖರೆ, ಆದರ ಆದೇಶಗಳು ಬೀಳೂದು ಬರೆಯೂದ್ರಾಗ. “ಶಿಕ್ಷೆಯಾಗಿರುವುದರಿಂದ ವಜಾಗೊಳಿಸಲಾಗಿದೆ” ಅಂತ ಒಂದೇ ಸಾಲು ಗೀಚಿ ಕಳಿಸ್ತಾರ. ನಿಯಮ ಕೇಳೂದು ಶಿಕ್ಷೆಗೆ ಕಾರಣವಾದ ನಡತೆ ಏನು ಅಂತ. ತೀರ್ಪು ಪೂರ್ತಿ ಓದಿ, ಯಾವ ಕೆಲಸಕ್ಕ ಎಷ್ಟು ರೊಕ್ಕ ಕೇಳಿದ್ದು ಸಾಬೀತಾಗ್ಯದ, ಆ ನಡತೆಯವರು ನೌಕರಿಯಾಗ ಯಾಕ ಇರಬಾರದು ಅನ್ನೂದನ್ನ ಟಿಪ್ಪಣಿ ಹಾಳೆಯಾಗೂ ಆದೇಶದಾಗೂ ಬರೀರಿ. ನೋ ಪಾರ್ಕಿಂಗ್‌ನಾಗ ಸ್ಕೂಟರ್ ನಿಲ್ಲಿಸಿದ್ದಕ್ಕ ಶಿಕ್ಷೆಯಾದವನನ್ನೂ ವಜಾ ಮಾಡ್ತೀರೇನು ಅಂತ 1985ರ ಶಂಕರ್ ದಾಸ್ ಪ್ರಕರಣದಾಗ ಸುಪ್ರೀಂ ಕೋರ್ಟು ಎತ್ತಿದ ಮಾತು ಇದ, ನಡತೆಗೆ ತಕ್ಕಷ್ಟೇ ದಂಡನೆ ಇರಬೇಕು ಅನ್ನೂದು.

ಇನ್ನೊಂದು, ವಜಾ ಆದೇಶಕ್ಕ ಯಾರ ಸಹಿ ಅನ್ನೂದು. ನೇಮಕಾತಿ ಆದೇಶ ಯಾರು ಹೊರಡಿಸಿದ್ರು, ಸೇವಾ ಪುಸ್ತಕ ನೋಡ್ರಿ. ನೇಮಕಾತಿ ಪ್ರಾಧಿಕಾರಕ್ಕಿಂತ ಕೆಳಗಿನವರು ವಜಾ ಮಾಡಿದ್ರ ಆದೇಶ ಸಂವಿಧಾನದ 311(1)ರಾಗೇ ಬಿದ್ದು ಹೋಗ್ತದ, ಉಳಿದದ್ದು ಓದೂದೂ ಇಲ್ಲ.

ಬಾಗಲಕೋಟೆ_ಕಡತ
ವಜಾಕ್ಕ ಮುಂಚೆ ಕಾರಣ ಕೇಳಿ ನೋಟಿಸು ಕೊಡಬೇಕೇನ್ರಿ?

ಸೇವಾನಿಯಮ
ಸಂವಿಧಾನದ ಪ್ರಕಾರ ಕಡ್ಡಾಯವಲ್ಲ. ಸುಪ್ರೀಂ ಕೋರ್ಟಿನ 1985ರ ತುಳಸಿರಾಮ್ ಪಟೇಲ್ ತೀರ್ಪಿನಿಂದ ಅದು ಇತ್ಯರ್ಥವಾಗಿದೆ. ಆದರೂ ತೀರ್ಪಿನ ಪ್ರತಿ ಲಗತ್ತಿಸಿ, ದಂಡನೆಯ ಬಗ್ಗೆ ಮಾತ್ರ 15 ದಿನದೊಳಗೆ ಉತ್ತರ ಕೇಳುವುದು ನನಗೆ ಸರಿ ಕಾಣುತ್ತದೆ. ಖರ್ಚು ಒಂದು ಸ್ಪೀಡ್ ಪೋಸ್ಟ್. ಉತ್ತರ ಬಂದರೆ ಅದನ್ನು ಆದೇಶದಲ್ಲಿ ಚರ್ಚಿಸಲೇಬೇಕು.

ವಿಶೇಷ ಪ್ರಕರಣದ ಸಂಖ್ಯೆ, ತೀರ್ಪಿನ ದಿನಾಂಕ ಆದೇಶದಲ್ಲಿರಲಿ. ನಾಳೆ ಅಪೀಲಿನಲ್ಲಿ ಖುಲಾಸೆಯಾದರೆ ವಜಾದ ಬುಡವೇ ಹೋಗುತ್ತದೆ, ಕಡತ ಮತ್ತೆ ತೆರೆಯಬೇಕಾಗುತ್ತದೆ. ಹಿಂಬಾಕಿ ಸಂಬಳ ಮಾತ್ರ ತನ್ನಷ್ಟಕ್ಕೆ ಬರುವುದಿಲ್ಲ. ಅದಕ್ಕೆ ಬೇರೆ ಆದೇಶ ಬೇಕು.