1850ರ ಕಾಲದ ಉಣ್ಣೆ ಕೋಟು ಕಡಿಮೆ ಖರ್ಚಲ್ಲಿ ಹೊಲಿಯಬಹುದಾ?

ನಾಟಕದವ_ಅಕ್ಕಲಕೋಟ:
ಮೆಡೋಸ್ ಟೇಲರ್ ನಳದುರ್ಗದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ದಿನಗಳ ಮೇಲೆ ನಾಟಕ ಮಾಡುತ್ತಿದ್ದೇವೆ. 1853ರ ನಂತರದ ಕಥೆ. ಟೇಲರ್ ಪಾತ್ರಕ್ಕೆ ಮೊಣಕಾಲಿನವರೆಗೆ ಬರುವ ಫ್ರಾಕ್ ಕೋಟು ಬೇಕು. ಬಾಡಿಗೆಗೆ ಸಿಗೋದೆಲ್ಲ ಹೊಳೆಯುವ ಪಾಲಿಯೆಸ್ಟರ್ ಶೇರ್ವಾನಿ, ಲೈಟ್ ಬಿದ್ದ ಕೂಡಲೇ ಗೊತ್ತಾಗುತ್ತದೆ. ಮೀಟರ್ ಲೆಕ್ಕದಲ್ಲಿ ಉಣ್ಣೆ ಬಟ್ಟೆ ತರೋಣ ಅಂದರೆ ಕೈಯಲ್ಲಿರೋದು ಎರಡು ಸಾವಿರ. ಜತ್ತದ ಕಡೆಯ ಕುರಿ ಕಂಬಳಿಯಲ್ಲಿ ಹೊಲಿದರೆ ಆಗುತ್ತಾ? ಅಂಗಿ, ಪ್ಯಾಂಟು ಹೊಲಿಯೋಕೆ ನನಗೆ ಬರುತ್ತದೆ.

ಕಂಬಳಿ_ಜತ್ತ:
ಬೇಡ. ನಮ್ಮ ಮನೆಯಲ್ಲಿ ಕಂಬಳಿ ನೇಯುತ್ತಾರೆ, ಅದಕ್ಕೇ ಹೇಳುತ್ತಿದ್ದೇನೆ. ದಖ್ಖನಿ ಕುರಿಯ ಉಣ್ಣೆ ಒರಟು. ಮೇಲೆ ಹುಣಸೆ ಬೀಜದ ಗಂಜಿ ಬೇರೆ ಹಾಕಿರುತ್ತಾರೆ, ಹಲಗೆ ಹಾಗೆ ನಿಲ್ಲುತ್ತದೆ. ಸೊಂಟದ ಹತ್ತಿರ ಮೈಗೆ ಕೂರುವುದೇ ಇಲ್ಲ, ಕತ್ತರಿಸಿದ ಕಡೆ ಎಳೆ ಬಿಡುತ್ತದೆ. ನಾಟಕದಲ್ಲಿ ಕುರುಬನ ಪಾತ್ರ ಇದ್ದರೆ ಅವನ ಹೆಗಲಿಗೆ ಹಾಕಿ, ಅಲ್ಲಿ ಕಂಬಳಿಯಷ್ಟು ಚಂದ ಬೇರೆ ಇಲ್ಲ.

ಸಿಂಪಿಗ_ಸೊಲ್ಲಾಪುರ:
ಹಳೇ ಬಟ್ಟೆ ಬಜಾರಿನಲ್ಲಿ ಮಿಲಿಟರಿ ಉಣ್ಣೆ ಬ್ಲಾಂಕೆಟ್ ಹುಡುಕಿ. ಸುಮಾರು 60 ಇಂಚು ಅಗಲ, 90 ಇಂಚು ಉದ್ದ ಇರುತ್ತದೆ. ಒಂದೇ ಬಣ್ಣದ ಎರಡು ಬೇಕು. ಕೊಳ್ಳುವ ಮುಂಚೆ ಒಂದು ಎಳೆ ಕಿತ್ತು ಸುಡಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾದರೆ ಉಣ್ಣೆ, ಕರಗಿ ಗಟ್ಟಿ ಮಣಿಯಾದರೆ ಬಿಟ್ಟುಬಿಡಿ. ತಂದ ಮೇಲೆ ಬಿಸಿನೀರಲ್ಲಿ ಸೋಪು ಹಾಕಿ ಚೆನ್ನಾಗಿ ಉಜ್ಜಿ ಒಗೆಯಿರಿ, ಕುಗ್ಗಿ ದಪ್ಪ ಆಗುತ್ತದೆ, ಎಳೆಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಆಮೇಲೆ ಕತ್ತರಿಸಿದ ಅಂಚು ಅಷ್ಟಾಗಿ ಬಿಡುವುದಿಲ್ಲ. ಹಿಂದೆ ಕೋಟಿನ ದಟ್ಟ ಉಣ್ಣೆ ಬಟ್ಟೆ, ಅಂದರೆ ಬ್ರಾಡ್‌ಕ್ಲಾತ್ ಮಾಡುತ್ತಿದ್ದದ್ದೂ ಹೀಗೆಯೇ, ನೇಯ್ದ ಮೇಲೆ ಕುಗ್ಗಿಸಿ.

ದುಡ್ಡಿಗಿಂತ ಕಟಿಂಗ್ ಮುಖ್ಯ. ಈಗಿನ ಕೋಟಿನ ಅಳತೆ ಇಟ್ಟು ಸುಮ್ನೆ ಉದ್ದ ಮಾಡಿದರೆ ಫ್ರಾಕ್ ಕೋಟು ಆಗುವುದಿಲ್ಲ. ಸೊಂಟದಲ್ಲಿ ಅಡ್ಡ ಹೊಲಿಗೆ ಬರಬೇಕು, ಅದರ ಕೆಳಗೆ ಘೇರು (ಸೊಂಟದಿಂದ ಇಳಿಯುವ ಅಗಲ ಭಾಗ) ಬೇರೆಯಾಗಿ ಕತ್ತರಿಸಿ ಸೇರಿಸಬೇಕು. ಹಿಂದೆ ಘೇರಿಗೆ ನೆರಿಗೆ, ನೆರಿಗೆಯ ಮೇಲೆ ಎರಡು ಗುಂಡಿ. ತೋಳು ಎರಡು ತುಂಡಿನದ್ದು, ಮೊಣಕೈಯಲ್ಲಿ ಸ್ವಲ್ಪ ಬಾಗಿರಲಿ. ಮೊದಲು ಹಳೇ ಬೆಡ್‌ಶೀಟಿನಲ್ಲಿ ಹೊಲಿದು ಪಾತ್ರಧಾರಿಗೆ ಹಾಕಿ ನೋಡಿ, ಅವರು ಕೈ ಎತ್ತಲಿ, ಕುರ್ಚಿಯಲ್ಲಿ ಕೂರಲಿ, ಎಲ್ಲಿ ಎಳೆಯುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ. ಎದೆಗೆ, ಕಾಲರಿಗೆ ಬಿಗಿ ಬರಲು ಒಳಗೆ ಅಂಟಿಸುವ ಪೇಸ್ಟಿಂಗ್ ಬೇಡ. ಗಟ್ಟಿ ಹತ್ತಿ ಕ್ಯಾನ್ವಾಸ್ ಇಟ್ಟು, ಕಾಲರನ್ನು ಬೆರಳ ಮೇಲೆ ಮಡಿಸಿ ಹಿಡಿದು ಸಣ್ಣ ಸಣ್ಣ ಕೈಹೊಲಿಗೆ ಹಾಕಿ. ಒಂದೊಂದು ಹೊಲಿಗೆ ಆದ ಕೂಡಲೇ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ, ಅರ್ಧ ಕೆಲಸ ಇಸ್ತ್ರಿಯದ್ದೇ.

ನಾಟಕದವ_ಅಕ್ಕಲಕೋಟ:
ತುಂಬಾ ಉಪಕಾರ ಆಯ್ತು. ಮಷೀನಿನಲ್ಲಿ ಹೊಲಿದರೆ ಆ ಕಾಲಕ್ಕೆ ತಪ್ಪಾಗುತ್ತದಾ?

ಸಿಂಪಿಗ_ಸೊಲ್ಲಾಪುರ:
ಇಲ್ಲ. ಸಿಂಗರ್ ಪೇಟೆಂಟ್ 1851ರದ್ದೇ ಅಲ್ವಾ. ಉದ್ದ ಹೊಲಿಗೆಗಳಿಗೆ ಮಷೀನ್ ಓಡಿಸಿ, ಕಾಣುವ ಅಂಚು ಮತ್ತು ಕಾಜಾ ಮಾತ್ರ ಕೈಯಲ್ಲಿ ಮಾಡಿ. ಅಸ್ತರು ತೆಳು ಹತ್ತಿ ಇರಲಿ, ಲೈಟಿನ ಕೆಳಗೆ ಸೆಕೆ ಜಾಸ್ತಿ. ಗುಂಡಿ ಪ್ಲಾಸ್ಟಿಕ್ಕಿನವು ಹಾಗೇ ಕಾಣಬಾರದು, ಕಪ್ಪು ಬಟ್ಟೆ ಸುತ್ತಿಸಿ.