ಟೆಂಪ್ಲೇಟ್ ಬೈಂಡಿಂಗ್ ತಪ್ಪಿದ್ದರೂ ವ್ಯಾಲಿಡೇಟರ್ ಸುಮ್ಮನಿದೆ, ಏಕೆ?

ಅಡಿಕೆಪಟ್ಟೆ:
ತಲೆ ಕೆಟ್ಟುಹೋಗಿದೆ. ಯುಎಂಎಲ್‌ನಲ್ಲಿ (ಸಾಫ್ಟ್‌ವೇರ್ ವಿನ್ಯಾಸವನ್ನು ಚಿತ್ರಗಳಲ್ಲಿ ತೋರಿಸುವ ಭಾಷೆ) ಕಾಯ್ದಿರಿಸುವಿಕೆಗೆ ಟೆಂಪ್ಲೇಟ್, ಅಂದರೆ ಖಾಲಿ ಜಾಗಗಳಿರುವ ಅಚ್ಚು, ಮಾಡಿದ್ದೇನೆ. ಬೈಂಡ್ ಮಾಡಿದರೆ, ಅಂದರೆ ಆ ಜಾಗಗಳನ್ನು ತುಂಬಿದರೆ, ಒಂದು ದೋಷವೂ ಬರುವುದಿಲ್ಲ. ಅದರಿಂದ ಬಂದ ಜಾವಾ ಕೋಡ್ ಮಾತ್ರ ಕಂಪೈಲ್ ಆಗುವುದಿಲ್ಲ. ಮಾದರಿಯ ತಪ್ಪು ಹಿಡಿಯುವ ವ್ಯಾಲಿಡೇಟರ್ ಇರುವುದಾದರೂ ಏತಕ್ಕೆ?

ಹಳೇಬೇರು:
ಮಾದರಿಯನ್ನು ಯುಎಂಎಲ್ 2.4ರಲ್ಲಿ ಉಳಿಸಿ 2.5ರಲ್ಲಿ ತೆರೆದಿರುತ್ತೀರಿ. ಎಕ್ಸ್‌ಎಂಐ (ಮಾದರಿಯನ್ನು ಉಳಿಸುವ ಕಡತ) ಮತ್ತೆ ರಫ್ತು ಮಾಡಿ.

ಅಡಿಕೆಪಟ್ಟೆ:
ಮಾಡಿದೆ. ಅದೇ ಕಥೆ.

ಹಳೇಬೇರು:
ಹಾಗಾದರೆ ವರ್ಕ್‌ಸ್ಪೇಸ್ ಅಳಿಸಿ ಹೊಸದಾಗಿ ಶುರುಮಾಡಿ. ಇಂಥದ್ದೆಲ್ಲ ಕೊನೆಗೆ ಎಕ್ಸ್‌ಎಂಐ ಕಿತಾಪತಿಯೇ.

ಚುಕ್ಕಿಗೆರೆ:
ಎಕ್ಸ್‌ಎಂಐ ಬಿಡಿ ಸ್ವಾಮಿ. ಟೆಂಪ್ಲೇಟಿಗೆ ಪ್ಯಾರಾಮೀಟರ್ (ತುಂಬಬೇಕಾದ ಜಾಗ) ಯಾವುವು, ಅವಕ್ಕೆ ಏನೇನು ಕೊಟ್ಟಿದ್ದೀರಿ?

ಅಡಿಕೆಪಟ್ಟೆ:
‘ವಸ್ತು’ ಎಂಬ ಕ್ಲಾಸ್, ಅದರೊಳಗಿನ ‘ಕಾಯ್ದಿರಿಸು’ ಆಪರೇಷನ್ (ಕ್ಲಾಸ್ ಮಾಡಬಲ್ಲ ಕೆಲಸ). ಮೊದಲನೆಯದಕ್ಕೆ ‘ಪುಸ್ತಕ’, ಎರಡನೆಯದಕ್ಕೆ ‘ಸದಸ್ಯ’ ಕ್ಲಾಸಿನ ‘ನವೀಕರಿಸು’. ಇದರಲ್ಲಿ ಕೇಳುವುದೇನಿದೆ?

ಚುಕ್ಕಿಗೆರೆ:
ಎಲ್ಲವೂ ಅದರಲ್ಲೇ ಇದೆ! ಯುಎಂಎಲ್ ಮಾನಕದ ನಿಯಮಗಳು ಸಡಿಲ. ಪ್ರತಿ ಸಬ್‌ಸ್ಟಿಟ್ಯೂಷನ್ (ಒಂದು ಪ್ಯಾರಾಮೀಟರಿಗೆ ಒಂದನ್ನು ತುಂಬುವುದು) ಆ ಟೆಂಪ್ಲೇಟಿನ ಸಿಗ್ನೇಚರ್‌ನಲ್ಲಿರುವ, ಅಂದರೆ ಪ್ಯಾರಾಮೀಟರ್ ಪಟ್ಟಿಯಲ್ಲಿರುವ, ಪ್ಯಾರಾಮೀಟರನ್ನೇ ಸೂಚಿಸಬೇಕು, ಒಂದು ಪ್ಯಾರಾಮೀಟರಿಗೆ ಎರಡು ಸಬ್‌ಸ್ಟಿಟ್ಯೂಷನ್ ಇರಬಾರದು, ಕೊಟ್ಟದ್ದು ಹೊಂದಿಕೆಯಾಗುವ ಜಾತಿಯದಾಗಿರಬೇಕು. ಆಪರೇಷನ್ ಬೇಕಿತ್ತು, ಆಪರೇಷನ್ ಕೊಟ್ಟಿರಿ, ಪಾಸ್. ವ್ಯಾಲಿಡೇಟರ್ ಒಂದೊಂದನ್ನೂ ಬಿಡಿಯಾಗಿ ನೋಡುತ್ತದೆಯೇ ಹೊರತು ‘ನವೀಕರಿಸು’ ಯಾರ ಮನೆಯದು ಎಂದು ಕೇಳುವುದಿಲ್ಲ. ಟೆಂಪ್ಲೇಟ್‌ಬೈಂಡಿಂಗ್ ಮೇಲೆ ಓಸಿಎಲ್ (ಮಾದರಿಗೆ ನಿಯಮ ಬರೆಯುವ ಭಾಷೆ) ನಿಯಮವನ್ನು ನೀವೇ ಬರೆಯಬೇಕು: ಫಾರ್ಮಲ್ ಕಡೆ (ಟೆಂಪ್ಲೇಟಿನ ಪ್ಯಾರಾಮೀಟರ್‌ಗಳಲ್ಲಿ) ಒಂದು ಇನ್ನೊಂದರ ಒಳಗಿದ್ದರೆ, ಆಕ್ಚುಯಲ್ ಕಡೆಯೂ (ನೀವು ಕೊಟ್ಟವುಗಳಲ್ಲಿ) ಹಾಗೆಯೇ ಇರಬೇಕು.

ಬಿಸಿಲ್ಗುದುರೆ:
ಈ ಕಾಲದಲ್ಲಿ ಯುಎಂಎಲ್ ಟೆಂಪ್ಲೇಟ್ ಯಾರು ಬಳಸುತ್ತಾರೆ? ಸಿ ಪ್ಲಸ್ ಪ್ಲಸ್ 20ರಲ್ಲಿ ಕಾನ್ಸೆಪ್ಟ್ (ಟೆಂಪ್ಲೇಟಿಗೆ ಕೊಡುವುದರಲ್ಲಿ ಏನೇನಿರಬೇಕೆಂಬ ಷರತ್ತು) ಇದೆ, ಎಲ್ಲವನ್ನೂ ಮೊದಲೇ ಹಿಡಿಯುತ್ತದೆ.

ಚುಕ್ಕಿಗೆರೆ:
ಎಲ್ಲವನ್ನೂ ಅಲ್ಲ. ಕಾನ್ಸೆಪ್ಟ್ ನೋಡುವುದು ಆರ್ಗ್ಯುಮೆಂಟನ್ನು, ಅಂದರೆ ಟೆಂಪ್ಲೇಟಿಗೆ ಕೊಟ್ಟದ್ದನ್ನು. ಅದರಲ್ಲಿ ಹೇಳದ ಫಂಕ್ಷನನ್ನು ಟೆಂಪ್ಲೇಟಿನ ಒಡಲು (ಒಳಗಿನ ಕೋಡ್) ಕರೆದರೆ, ಬಳಸುವ ಹೊತ್ತಿನವರೆಗೂ ಗೊತ್ತಾಗುವುದಿಲ್ಲ.

ಬಿಸಿಲ್ಗುದುರೆ:
ಒಡಲಿನ ಮಾತು ನಾನೆಲ್ಲಿ ಆಡಿದೆ?

ಅಡಿಕೆಪಟ್ಟೆ:
ನಿಮ್ಮ ಜಗಳ ಬೇರೆ ಎಳೆಯಲ್ಲಿರಲಿ. ಎರಡೂ ಕಡೆ ಓನರ್ (ಆಪರೇಷನ್ ಇರುವ ಕ್ಲಾಸ್) ಹೋಲಿಸಿ ನಿಯಮ ಬರೆದೆ, ತಪ್ಪು ಸಿಕ್ಕಿತು. ಆದರೆ ‘ಪುಸ್ತಕ’ಕ್ಕೆ ಅದರ ಮೇಲಿನ ಕ್ಲಾಸಿನಿಂದ ಬಂದ ಆಪರೇಷನ್ ಕೊಟ್ಟರೆ ಅದನ್ನೂ ತಪ್ಪೆನ್ನುತ್ತಿದೆ!

ಚುಕ್ಕಿಗೆರೆ:
ಆಕ್ಚುಯಲ್ ಕಡೆ ಓನರ್ ಬೇಡ. ‘ಪುಸ್ತಕ’ದ ಆಲ್‌ಫೀಚರ್ಸ್‌ನಲ್ಲಿ (ಆ ಕ್ಲಾಸಿನ ಎಲ್ಲ ಅಂಶಗಳ ಪಟ್ಟಿ) ಆ ಆಪರೇಷನ್ ಇದೆಯೇ ನೋಡಿ, ಆನುವಂಶಿಕವಾಗಿ ಬಂದದ್ದೂ ಅದರಲ್ಲಿ ಸೇರುತ್ತದೆ. ಆಪರೇಷನ್ನಿನ ಪ್ಯಾರಾಮೀಟರ್‌ಗಳ ಟೈಪ್, ಕ್ರಮ ಕೂಡ ಹೋಲಿಸಿ. ಇಲ್ಲದಿದ್ದರೆ ಜಾವಾ ಮತ್ತೆ ಅಲ್ಲಿಯೇ ಮುಗ್ಗರಿಸುತ್ತದೆ.

ಹಳೇಬೇರು:
ಎಕ್ಸ್‌ಎಂಐ ಒಮ್ಮೆ ನೋಡಿದ್ದರೆ ಚೆನ್ನಾಗಿತ್ತು.