ಮಳೆಗಾಳಿ ದಿನದಾಗ ಅಪ್ಪ-ಅವ್ವನ ಮೊದಲ ವಿಮಾನ: ಅನುಭವ ಇದ್ದವರು ಹೇಳ್ರಿ

ಸಿಂಧನೂರಿನಿಂದ ಕೇಳಿದ್ದು

ಅಪ್ಪ-ಅವ್ವನ್ನ ಕಾಶಿಗೆ ಕಳಿಸಬೇಕಂತ ಮಾಡೀವ್ರಿ. ಮೇ ಮೊದಲ ವಾರ, ಹೈದರಾಬಾದ್‌ನಿಂದ ಸಂಜಿ ವಿಮಾನ. ಇಬ್ಬರೂ ಇಲ್ಲೀತನಕ ವಿಮಾನ ಹತ್ತಿದವರಲ್ಲ. ಭರಣಿ ಮಳಿ ದಿನ, ಹೊತ್ತು ಇಳಿದ್ರ ಸಾಕು ಗುಡುಗು, ಗಾಳಿ. 2025ರ ಮೇದಾಗ ದೆಹಲಿಯಿಂದ ಶ್ರೀನಗರಕ್ಕ ಹೊಂಟಿದ್ದ ವಿಮಾನ ಆಲಿಕಲ್ಲಿಗೆ ಸಿಕ್ಕು ಮೂತಿ ಒಡಕೊಂಡಿತ್ತಲ್ಲ, ಆ ವಿಡಿಯೊ ಅವ್ವ ನೋಡ್ಯಾಳ. ರೈಲಿಗೇ ಹೋಗ್ತೀನಿ ಅಂತಾಳ. ಅಪ್ಪಗ ಮೊಣಕಾಲು ನೋವು, ರೈಲಿನಾಗ ಅಷ್ಟು ಹೊತ್ತು ಕೂಡಂಗಿಲ್ಲ. ಅಂಥಾ ಹವಾದಾಗ ಹಾರೋದು ಎಷ್ಟು ಸುರಕ್ಷಿತ? ಏನು ಮಾಡಿದ್ರ ಚಲೋ?

ರಾಯಚೂರಿನಿಂದ

ತಮ್ಮಾ, ಹೈದರಾಬಾದ್‌ನ ಶಂಶಾಬಾದ್ ವಿಮಾನ ನಿಲ್ದಾಣದಾಗ ಸಾಮಾನು ಹೇರೋ ಕೆಲಸ ಮಾಡಿದವ ನಾನು. ಸಿಡಿಲು ಹತ್ರ ಬಂತಂದ್ರ ನಮಗ ಮೊದಲು ಸೂಚನೆ ಬರ್ತಿತ್ತು. ಇಂಧನ ತುಂಬೋದು ಬಂದ್, ಸಾಮಾನು ಹೇರೋದು ಬಂದ್. ಗಾಲಿಗೆ ಅಡ್ಡಗಟ್ಟೆ ಸರಿಯಾಗಿ ಕುಂತಾವೋ ಇಲ್ಲೋ ನೋಡಿ, ಟ್ರಾಲಿ ಬ್ರೇಕ್ ಹಾಕಿ ಎಲ್ಲಾರೂ ಒಳಗ ಬರಬೇಕು. ಮಳಿ ನಿಂತರೂ ಸಿಡಿಲು ದೂರ ಹೋಗೋತನಕ ಯಾರೂ ಹೊರಗ ಕಾಲಿಡಂಗಿಲ್ಲ. ಒಳಗ ಕುಂತ ಪ್ರಯಾಣಿಕರು ಮಾತ್ರ ಕಿಟಕಿಯಾಗ ನೋಡಿ, ಮಳಿ ನಿಂತದಲ್ಲ, ಇನ್ನೂ ಯಾಕ ಬಿಡವಲ್ರು ಅಂತ ಕೌಂಟರಿನ ಹುಡುಗಿಯರ ಮ್ಯಾಲೆ ಬಾಯಿ ಮಾಡ್ತಿದ್ರು. ಅದು ನೋಡಿದ್ರ ನನಗ ಭಾಳ ಸಂಕಟ ಆಗ್ತಿತ್ತು. ವಿಮಾನ ತಡ ಆಯ್ತಂದ್ರ ಯಾರೋ ನಿಮ್ಮ ಜೀವದ ಲೆಕ್ಕ ಹಾಕಾಕತ್ತಾರಂತ ತಿಳೀರಿ. ಅಪ್ಪ-ಅವ್ವಗ ಇದೊಂದು ಮಾತು ಮೊದಲೇ ಹೇಳಿ ಕಳಿಸ್ರಿ.

ಸಂಜಿ ಟಿಕೆಟ್ ಬ್ಯಾಡ, ಬೆಳಗಿನದು ಮಾಡ್ರಿ. ಮಧ್ಯಾಹ್ನದ ಕಾವಿಗೆ ಮೋಡ ಎದ್ದು ಸಂಜಿಗೆ ಒಡೀತಾವ. ಬೆಳಿಗ್ಗೆ ಹವಾ ಬಹಳಷ್ಟು ಸಲ ತಣ್ಣಗಿರ್ತದ.

ಬಳ್ಳಾರಿಯಿಂದ

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ಅಮ್ಮನವರು ನೋಡಿದ ವಿಡಿಯೊದಿಂದಲೇ ಶುರು ಮಾಡುತ್ತೇನೆ. ವಿಮಾನದ ಮೂತಿಯೊಳಗೆ ಹವಾಮಾನ ರಾಡಾರ್ ಇರುತ್ತದೆ. ಅದರ ಅಲೆಗಳು ದಾಟಿ ಹೋಗಬೇಕಲ್ಲ, ಅದಕ್ಕೇ ಮೂತಿಯನ್ನು ಲೋಹದಿಂದ ಮಾಡುವುದಿಲ್ಲ, ಫೈಬರ್‌ನಿಂದ ಮಾಡಿರುತ್ತಾರೆ. ಆಲಿಕಲ್ಲಿಗೆ ಮೊದಲು ಒಡೆಯುವುದು ಅದೇ. ಅದರ ಹಿಂದೆ ಗಟ್ಟಿ ಗೋಡೆ ಇದೆ, ಜನ ಕೂರುವ ಭಾಗ ಶುರುವಾಗುವುದೇ ಆ ಗೋಡೆಯಿಂದ ಈಚೆಗೆ. ಮೂತಿ ಒಡೆದ ಮೇಲೂ ಆ ವಿಮಾನ ಶ್ರೀನಗರದಲ್ಲಿ ಸುರಕ್ಷಿತವಾಗಿ ಇಳಿಯಿತು ಎಂಬುದನ್ನು ಅಮ್ಮನಿಗೆ ಹೇಳಿ.

ಸಿಡಿಲಿನ ಭಯವೂ ಬೇಡ. ಸಿಡಿಲು ವಿಮಾನಗಳಿಗೆ ಆಗಾಗ ಬಡಿಯುತ್ತದೆ, ವಿದ್ಯುತ್ತು ಹೊರಮೈಯಲ್ಲೇ ಹರಿದು ಹೋಗುತ್ತದೆ. 1963ರಲ್ಲಿ ಅಮೆರಿಕದ ಎಲ್ಕ್‌ಟನ್ ಬಳಿ ಪ್ಯಾನ್ ಆ್ಯಮ್ ವಿಮಾನವೊಂದು ಸಿಡಿಲಿನಿಂದ ಇಂಧನ ಟ್ಯಾಂಕು ಸ್ಫೋಟಿಸಿ ಬಿದ್ದಿತ್ತು. ಆಮೇಲೆ ಟ್ಯಾಂಕುಗಳ ರಕ್ಷಣೆಯನ್ನು ಬಹಳ ಬಿಗಿ ಮಾಡಿದರು.

ನಿಜವಾಗಿ ಹುಷಾರಾಗಿರಬೇಕಾದದ್ದು ಇಳಿಯುವ, ಏರುವ ಹೊತ್ತಿನಲ್ಲಿ. ಗುಡುಗಿನ ಮೋಡದಿಂದ ಕೆಲವೊಮ್ಮೆ ಗಾಳಿ ಒಮ್ಮೆಲೇ ಕೆಳಕ್ಕೆ ಧುಮುಕುತ್ತದೆ, ಅಂಗಳಕ್ಕೆ ಕೊಡ ನೀರು ಸುರಿದ ಹಾಗೆ ನಾಲ್ಕೂ ದಿಕ್ಕಿಗೆ ಹರಡುತ್ತದೆ. ವಿಮಾನ ಅದರೊಳಗೆ ಹೊಕ್ಕಾಗ ಮೊದಲು ಎದುರುಗಾಳಿ ಸಿಗುತ್ತದೆ, ಮೇಲೆತ್ತಿದಂತಾಗುತ್ತದೆ. ಮರುಕ್ಷಣ ಕೆಳಕ್ಕೆ ಒತ್ತುವ ಗಾಳಿ, ಅದರ ಬೆನ್ನಿಗೇ ಹಿಂಗಾಳಿ. ವೇಗ ಬಿದ್ದುಹೋಗುತ್ತದೆ, ನೆಲವೋ ಹತ್ತಿರ. 1985ರ ಆಗಸ್ಟ್ 2ರಂದು ಡಲ್ಲಾಸ್‌ನಲ್ಲಿ ಡೆಲ್ಟಾ 191 ವಿಮಾನ ಹೀಗೇ ಬಿದ್ದು 137 ಜನ ಸತ್ತರು. ಆ ದುರಂತದ ನಂತರವೇ ಇಂಥ ಗಾಳಿಯನ್ನು ಪತ್ತೆ ಹಚ್ಚುವ ಯಂತ್ರಗಳನ್ನು ಅಮೆರಿಕದಲ್ಲಿ ವಿಮಾನಗಳಿಗೆ ಕಡ್ಡಾಯ ಮಾಡಿದ್ದು. ಈಗಿನ ದೊಡ್ಡ ವಿಮಾನಗಳಲ್ಲಿ ಮುಂದಿನ ಗಾಳಿಯ ಬಗ್ಗೆ ಕಾಕ್‌ಪಿಟ್‌ನಲ್ಲೇ ಎಚ್ಚರಿಕೆ ಕೂಗುತ್ತದೆ, ಪೈಲಟ್ ಇಳಿಯುವುದನ್ನು ಬಿಟ್ಟು ಮೇಲೇರುತ್ತಾರೆ. 2020ರ ಆಗಸ್ಟ್ 7ರಂದು ಕೋಯಿಕ್ಕೋಡ್‌ನಲ್ಲಿ ಮಳೆಯ ನಡುವೆ ಹಿಂಗಾಳಿಯಲ್ಲಿ ಇಳಿದ ವಿಮಾನ ರನ್‌ವೇ ದಾಟಿ ಬಿತ್ತು, 21 ಜನ ಹೋದರು. ಮತ್ತೆ ಮೇಲೇರದೆ ಇಳಿಯಲು ಮುಂದುವರಿದದ್ದನ್ನೇ ತನಿಖಾ ವರದಿ ಎತ್ತಿ ಹೇಳಿತು. ನಿಮ್ಮವರ ವಿಮಾನ ನೆಲದ ಹತ್ತಿರ ಬಂದು ದಡಕ್ಕನೆ ಮೇಲೇರಿದರೆ ಅವರು ಹೆದರದಿರಲಿ.

ತೋರಣಗಲ್ಲಿನಿಂದ

ನಮ್ಮಲ್ಲಿಯ ವಿದ್ಯಾನಗರ ನಿಲ್ದಾಣದಿಂದ ಪಂಖದ ಎಟಿಆರ್ ವಿಮಾನದಲ್ಲಿ ಹೋದವಳು ನಾನು. ಬೇಸಿಗೆ ಮಧ್ಯಾಹ್ನ ಸಂಡೂರು ಗುಡ್ಡದ ಮೇಲೆ ಚೆನ್ನಾಗಿ ಕುಲುಕುತ್ತದೆ. ಹೆದರಿಕೆ ಆದಾಗ ಗಗನಸಖಿಯರ ಮುಖ ನೋಡುತ್ತಿದ್ದೆ, ಅವರು ಸಮಾಧಾನವಾಗಿ ಪಟ್ಟಿ ಕಟ್ಟಿಕೊಂಡು ಕೂತಿದ್ದರೆ ನನಗೂ ಧೈರ್ಯ. ನಮ್ಮ ಮನೆ ಹಿರಿಯರಿಗೆ 2009ರಲ್ಲಿ ನಲ್ಲಮಲ ಕಾಡಿನಲ್ಲಿ ಬಿದ್ದ ವೈ.ಎಸ್. ರಾಜಶೇಖರ ರೆಡ್ಡಿಯವರ ಹೆಲಿಕಾಪ್ಟರ್ ಇನ್ನೂ ಕಣ್ಣ ಮುಂದಿದೆ. ಹೆಲಿಕಾಪ್ಟರ್ ಹಾರುವುದು ಮೋಡದ ಕೆಳಗೆ, ಗುಡ್ಡದ ಹತ್ತಿರ. ಕಾಶಿಯ ವಿಮಾನ ದಾರಿಯುದ್ದಕ್ಕೂ ಅದಕ್ಕಿಂತ ಎಷ್ಟೋ ಮೇಲಿರುತ್ತದೆ, ಮೋಡ ಕಂಡರೆ ಸುತ್ತು ಹಾಕಿ ಹೋಗುತ್ತದೆ.

ಗಂಗಾವತಿಯಿಂದ

ಅಣ್ಣಾರ, ಬೆಲ್ಟ್ ಬಗ್ಗೆ ಯಾರೂ ಹೇಳಿಲ್ಲ, ನಾ ಹೇಳ್ತೀನಿ. ಬೆಲ್ಟ್ ಕಟ್ಟಿಕೊಳ್ರಿ ಅನ್ನೋ ದೀಪ ಆರಿದ್ರೂ ಬಿಚ್ಚೋದು ಬ್ಯಾಡ, ಸ್ವಲ್ಪ ಸಡಿಲ ಮಾಡಿ ಕಟ್ಟಿಕೊಂಡೇ ಇರ್ಲಿ. 2024ರ ಮೇದಾಗ ಲಂಡನ್‌ನಿಂದ ಸಿಂಗಪುರಕ್ಕ ಹೊಂಟ ವಿಮಾನ ಒಮ್ಮೆಲೇ ಎತ್ತಿ ಹಾಕಿದಾಗ ಬೆಲ್ಟ್ ಇಲ್ಲದವರು ಮೇಲಿನ ಛಾವಣಿಗೆ ಬಡಿದ್ರು, ಒಬ್ಬರು ತೀರಿಕೊಂಡ್ರು. ವಯಸ್ಸಾದವರು ಶೌಚಕ್ಕ ಏಳೋದೇ ಆ ಹೊತ್ತಿನಾಗ. ವಿಮಾನ ಹತ್ತೋಕ ಮುಂಚೆನೇ ಹೋಗಿ ಬರ್ಲಿ. ರೆಕ್ಕೆ ಹತ್ರದ ಸೀಟು ಕೇಳ್ರಿ, ಅಲ್ಲಿ ಕುಲುಕಾಟ ಕಡಿಮೆ, ಬಾಲದ ಕಡೆ ಜಾಸ್ತಿ.

ಬಿಪಿ, ಶುಗರ್ ಗುಳಿಗಿ ಕೈಚೀಲದಾಗೇ ಇರ್ಲಿ. ವಿಮಾನ ಬೇರೆ ಊರಿಗೆ ತಿರುಗಿದ್ರ ದೊಡ್ಡ ಸೂಟ್‌ಕೇಸ್ ಕೈಗೆ ಸಿಗಂಗಿಲ್ಲ. ಅಪ್ಪಗ ಗಾಲಿಕುರ್ಚಿ ಈಗಲೇ ಬರೆಸ್ರಿ. ಹವಾ ಕಾರಣಕ್ಕ ರದ್ದಾದ್ರ ಪರಿಹಾರದ ರೊಕ್ಕ ಬರಂಗಿಲ್ಲ, ಟಿಕೆಟ್ ರೊಕ್ಕ ವಾಪಸ್ಸೋ ಬೇರೆ ವಿಮಾನವೋ ಕೇಳ್ರಿ. ಕಾಶಿಯಾಗ ಮರುದಿನ ಬೆಳಿಗ್ಗೆನೇ ಪೂಜೆ ಇಟ್ಟಿದ್ರ ಒಂದು ದಿನ ಮುಂದಕ್ಕ ಹಾಕ್ರಿ.

ಸಿಂಧನೂರಿನಿಂದ

ಎಲ್ಲಾರಿಗೂ ಶರಣ್ರಿ. ಬೆಳಿಗ್ಗೆ ಏಳರ ವಿಮಾನಕ್ಕ ಬದಲಿ ಮಾಡಿಸೀನಿ, ಹಿಂದಿನ ರಾತ್ರಿ ಶಂಶಾಬಾದ್‌ನಾಗೇ ಇರ್ತೀವಿ. ಅಪ್ಪಂದು ಒಂದೇ ಪ್ರಶ್ನೆ ಉಳಿದದ: ಇಳಿಯಾಕ ಬಿಡದೆ ಮ್ಯಾಲೇ ಸುತ್ತಿಸಿದ್ರ ಎಣ್ಣಿ ತೀರಂಗಿಲ್ಲೇನು?

ರಾಯಚೂರಿನಿಂದ

ತೀರಂಗಿಲ್ಲ. ಕಾಶಿಗೆ ಹೋಗಾಕ ಬೇಕಾದಷ್ಟು, ಅಲ್ಲಿ ಇಳಿಯಾಕ ಆಗದಿದ್ರ ಗೊತ್ತು ಮಾಡಿದ ಇನ್ನೊಂದು ನಿಲ್ದಾಣಕ್ಕ ಹೋಗೋವಷ್ಟು, ಅದರ ಮ್ಯಾಲೆ ಅರ್ಧ ತಾಸು ಹಾರೋವಷ್ಟು ಮುಟ್ಟಬಾರದ ಇಂಧನ, ಇಷ್ಟು ತುಂಬಿದ ಮ್ಯಾಲೇ ವಿಮಾನ ಬಿಡೋದು. ಸುತ್ತಾಕಂತ ಬ್ಯಾರೆ ಹಾಕಿಸಿದ್ದು ಮುಗಿತಂದ್ರ ಪೈಲಟ್ ಕಾಯಂಗಿಲ್ಲ, ಸೀದಾ ಆ ಇನ್ನೊಂದು ಊರಿಗೆ ತಿರುಗಿಸ್ತಾರ. ಹಂಗಾದ್ರ ಅಪ್ಪ ವಿಮಾನದಾಗೇ ಕುಂತಿರ್ಲಿ, ಸಿಬ್ಬಂದಿ ಹೇಳೋತನಕ ಇಳಿಯೋದು ಬ್ಯಾಡ. ಎಷ್ಟೋ ಸಲ ಹವಾ ತಿಳಿಯಾದ ಕೂಡಲೇ ಅದೇ ವಿಮಾನ ಕಾಶಿಗೆ ಒಯ್ದು ಬಿಡ್ತದ.